ಗಿಟಾರಿಗೆ ಒಗ್ಗಿದ ಶರೀಫಜ್ಜ

(ಡೊಂಬಿವಲಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಾಕ್ ಸಂಗೀತವನ್ನು ಕುರಿತು ಮಾತನಾಡುತ್ತೇನೆಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಅವರ ಆಶ್ಚರ್ಯ ಸಹಜ. ನಾನು ಅಶ್ವತ್ಥರ ಕ್ಯಾಸೆಟ್ಟುಗಳನ್ನು ಕೇಳುತ್ತ ಬೆಳೆದವನು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯನೊಬ್ಬ ನಡುರಾತ್ರಿ ಹಚ್ಚುತ್ತಿದ್ದ ಇಂಗ್ಲಿಷ್ ಹಾಡುಗಳಿಗೆ ಗೋಡೆ ಗುದ್ದಿ ಪ್ರತಿಭಟಿಸಿದವನು. ಆ ಹಾಡುಗಳು ‘ನಿರ್ವಾಣ’ ಎಂಬ ತಂಡದವೆಂದು ಆಮೇಲೆ ತಿಳಿಯಿತು. ಹೆಸರು ನಮ್ಮದು, ಆರ್ಭಟ ಅವರದು ಎಂದು ಆಗ ನಗೆಯಾಡಿದ್ದುಂಟು.

ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದ ಆಸುಪಾಸಿನಲ್ಲಿ ಬೆಳೆದ ಆ ಸಂಗೀತಕ್ಕೆ ‘ಗ್ರಂಜ್’ ಎಂದು ಹೆಸರು. ಕೊಳೆ ಎಂದು ಅರ್ಥ. ಜರಿಯ ಉಡುಪು, ಹೊಗೆ, ಬೆಳಕಿನ ಆಡಂಬರಗಳನ್ನು ತೊರೆದು, ಮಾಸಿದ ಅಂಗಿಯಲ್ಲೇ ವೇದಿಕೆಯೇರಿದ ಹುಡುಗರು ಅವರು. 1991ರಲ್ಲಿ ನಿರ್ವಾಣದ ‘ನೆವರ್‌ಮೈಂಡ್’ ಬಂದಿತು; ಅದೇ ವರ್ಷ ನಮ್ಮಲ್ಲಿ ಸ್ಟಾರ್ ಟಿ.ವಿ. ಕಾಲಿಟ್ಟು ಎಂಟಿವಿಯನ್ನೂ ಮನೆಯೊಳಗೆ ತಂದಿತು. 1994ರ ಏಪ್ರಿಲಿನಲ್ಲಿ ತಂಡದ ಗಾಯಕ ಕರ್ಟ್ ಕೊಬೇನ್ ತನ್ನ 27ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಆ ಅಲೆ ನಮ್ಮ ದಡಕ್ಕೂ ಬಡಿಯಿತು. ಮುಂಬಯಿಯ ‘ರಾಕ್ ಮಷೀನ್’ 1993ರಲ್ಲಿ ‘ಇಂಡಸ್ ಕ್ರೀಡ್’ ಎಂದು ಹೆಸರು ಬದಲಿಸಿಕೊಂಡಿತು. ವಿಶಾಲ್ ದದ್ಲಾನಿ ಹಾಡುತ್ತಿದ್ದ ‘ಪೆಂಟಗ್ರಾಮ್’ ಹುಟ್ಟಿದ್ದೂ ಆ ದಿನಗಳಲ್ಲೇ. ಬೆಂಗಳೂರಿನಲ್ಲಿ 1996ರಲ್ಲಿ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ ಕಣ್ತೆರೆಯಿತು. ಇವರ ಪ್ರತಿಭೆಯನ್ನು ಅಲ್ಲಗಳೆಯಲಾರೆ. ಆದರೆ ಇವರೆಲ್ಲ ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ರಾಜಧಾನಿಯಲ್ಲೇ ಕುಳಿತ ರಾಕ್ ಸಂಗೀತಕ್ಕೆ ಕನ್ನಡ ಬೇಕೆನಿಸಲಿಲ್ಲ. ನಮ್ಮ ಸುಗಮ ಸಂಗೀತದವರಿಗೂ ಅದರ ಹಂಗು ಬೇಕಿರಲಿಲ್ಲವೆನ್ನುವುದನ್ನೂ ಒಪ್ಪಿಕೊಳ್ಳಬೇಕು.

ಈ ಎರಡು ಲೋಕಗಳ ನಡುವೆ ಸೇತುವೆ ಕಟ್ಟಿದವರು ರಘು ದೀಕ್ಷಿತ್. ಅವರು 1974ರಲ್ಲಿ ಹುಟ್ಟಿದ್ದು ನಮ್ಮ ಇದೇ ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿತವರು, ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿವಿಜ್ಞಾನದಲ್ಲಿ ಚಿನ್ನದ ಪದಕದೊಂದಿಗೆ ಎಂ.ಎಸ್‌ಸಿ. ಪಡೆದವರು. ಕಾಲಿಗೆ ಗೆಜ್ಜೆ ಕಟ್ಟುವುದನ್ನು ಸಹಪಾಠಿಯೊಬ್ಬ ಹಂಗಿಸಿದ್ದರಿಂದ ಪಂಥ ಕಟ್ಟಿ ಗಿಟಾರ್ ಕಲಿತರಂತೆ. ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಅವರೊಡನೆ ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದರು. ಅದು ಚದುರಿತು. ಮುಂಬಯಿಯ ಧ್ವನಿಮುದ್ರಣ ಕಂಪನಿಗಳ ಬಾಗಿಲುಗಳನ್ನು ವರ್ಷಾನುಗಟ್ಟಲೆ ತಟ್ಟಿದರೂ ಯಾವುದೂ ತೆರೆಯಲಿಲ್ಲ. ಕಡೆಗೆ ಆ ‘ಪೆಂಟಗ್ರಾಮ್’ನ ವಿಶಾಲರೇ ತಮ್ಮ ಜೊತೆಗಾರ ಶೇಖರರೊಂದಿಗೆ 2008ರಲ್ಲಿ ಅವರ ಮೊದಲ ಆಲ್ಬಮ್ಮನ್ನು ಹೊರತಂದರು. ಇಂಗ್ಲಿಷಿನಲ್ಲಿ ಕೂಗಿದವನು ಕನ್ನಡಕ್ಕೆ ಕಿವಿಗೊಟ್ಟನು ನೋಡಿ!

ಆ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರು ಕುಳಿತಿದ್ದಾರೆ. ಗುಡಗುಡಿಯ ಹಾಡು, ಸೋರುವ ಮಾಳಿಗೆಯ ಹಾಡು. ಶರೀಫರ ಕಾಲ 1819ರಿಂದ 1889. ಊರು ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳ. ಗುರು ಕಳಸದ ಗೋವಿಂದ ಭಟ್ಟರು. ನನ್ನ ತಲೆಮಾರಿಗೆ ಅವರನ್ನು ಕೊಟ್ಟವರು ಸಿ. ಅಶ್ವತ್ಥರು ಮತ್ತು 1990ರ ನಾಗಾಭರಣರ ಚಲನಚಿತ್ರ. ಹಾರ್ಮೋನಿಯಂ, ತಬಲಗಳಿಲ್ಲದ ಶರೀಫರು ನಮಗೆ ಮೊದಲಿಗೆ ಅಪಚಾರವೆನಿಸಿದರೆ ತಪ್ಪಲ್ಲ. ಆದರೆ ಸ್ವಲ್ಪ ಯೋಚಿಸಿ. ಮೈಯೆಂಬ ಮನೆ ಸೋರುತ್ತಿದೆಯೆಂದು ಹೇಳುವುದಕ್ಕೆ ಮಾಸಿದ ಅಂಗಿಯ ಸಂಗೀತಕ್ಕಿಂತ ಹೆಚ್ಚು ತಕ್ಕ ಸಂಗೀತವುಂಟೆ? ಅಶ್ವತ್ಥರ ಕಂಠದಲ್ಲೂ ನಯಕ್ಕಿಂತ ಹೆಚ್ಚಾಗಿ ಇದ್ದದ್ದು ಆವೇಶವೇ ಅಲ್ಲವೆ? ಏಕತಾರಿಯ ಶರೀಫರು ಹಾರ್ಮೋನಿಯಮ್ಮಿಗೆ ಬಂದಾಗ ಹುಬ್ಬುಗಂಟಿಕ್ಕಿದವರೂ ಇದ್ದಿರಬೇಕು.

ದೀಕ್ಷಿತರ ತಂಡ 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಬಣ್ಣದ ಲುಂಗಿ, ಕಾಲಲ್ಲಿ ಅದೇ ಗೆಜ್ಜೆ. ಅವರು ಮಾಡಿದ್ದೆಲ್ಲವೂ ನನಗೆ ಒಪ್ಪಿಗೆಯೆಂದಲ್ಲ. ಕೆಲವೆಡೆ ಲಯದ ಭರದಲ್ಲಿ ಮಾತಿನ ಒಳದನಿ ಜಾರಿಹೋಗುತ್ತದೆ. ಶರೀಫರ ಅನುಭಾವ ಕುಣಿತದ ಹಿಂದೆ ಮರೆಯಾಗುತ್ತದೆ.

ಈಗ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಸಂಘವೊಂದರ ರಾಜ್ಯೋತ್ಸವ ಸಮಿತಿಯಲ್ಲಿ ನಾನಿದ್ದೆ. ನನ್ನ ಮಗನೂ ಅವನ ಮೂವರು ಗೆಳೆಯರೂ ಗಿಟಾರ್, ಡ್ರಮ್ ಹಿಡಿದು ಸೋರುವ ಮಾಳಿಗೆಯನ್ನು ಹಾಡುತ್ತೇವೆಂದರು. ಒಬ್ಬನ ಮನೆಮಾತು ತುಳು, ಇನ್ನೊಬ್ಬನದು ಕೊಂಕಣಿ. ನಾಲ್ವರಲ್ಲಿ ಯಾರಿಗೂ ಕನ್ನಡ ಅಕ್ಷರ ಬಾರದು. ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದರು. ಆ ಹಾಳೆಯನ್ನು ಕಂಡು ನನಗೆ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು. “ಮೊದಲು ಲಿಪಿ ಕಲಿಯಿರಿ, ಆಮೇಲೆ ವೇದಿಕೆ” ಎಂದುಬಿಟ್ಟೆ. ಲಿಪಿಯನ್ನು ಕಲಿಸಬೇಕಾಗಿದ್ದವನು ನಾನು ಎಂಬುದು ಆಗ ಹೊಳೆಯಲಿಲ್ಲ. ಅವನು ಎದುರು ಮಾತಾಡದೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡನು. ಅಂದಿನಿಂದ ಸಂಘದ ಕಡೆ ತಲೆಹಾಕಿಲ್ಲ.

2025ರ ಜನವರಿಯಲ್ಲಿ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಹಾಡಿತು. ಒಂದು ಸಂಜೆ ಠಾಣೆಯಿಂದ ನೆರೂಳಿಗೆ ಹೋಗುವ ಗಾಡಿಯಲ್ಲಿ ನಾನೂ ಇದ್ದೆ, ಬೇರೆ ಕೆಲಸದ ಮೇಲೆ. ಡಬ್ಬಿಯ ತುಂಬ ಹುಡುಗ ಹುಡುಗಿಯರು. ಐರೋಲಿ ದಾಟುವಾಗ ಒಂದು ಗುಂಪು ಕಾಲ ಕಳೆಯಲು ಹಾಡತೊಡಗಿತು: ಮೊದಲು ಇಂಗ್ಲಿಷು, ಬಳಿಕ ಮರಾಠಿ, ಆಮೇಲೆ ಶರೀಫರು! ಉಚ್ಚಾರ ನೆಟ್ಟಗಿರಲಿಲ್ಲ. ನಾನು ಅವರನ್ನು ತಿದ್ದಲಿಲ್ಲ.

ಬರುವ ರಾಜ್ಯೋತ್ಸವದಲ್ಲಿ ಅರ್ಧ ಗಂಟೆಯನ್ನು ಇಂಥ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಈ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ. ಹಾಡಿನ ಹಾಳೆ ದೇವನಾಗರಿಯಲ್ಲಿದ್ದರೂ ಇರಲಿ. ಆಂಪ್ಲಿಫೈಯರಿನ ಬಾಡಿಗೆಯನ್ನು ನಾನು ಕೊಡುತ್ತೇನೆ. ಮಗನನ್ನು ಕರೆಯುವ ಕೆಲಸವೂ ನನ್ನದೇ; ಅದು ಬಾಡಿಗೆಗಿಂತ ದುಬಾರಿಯಾದೀತು.