ಆಸ್ಪತ್ರೆ ಬಿಟ್ಟವರಿಗೆ ಮನೆ ಎಲ್ಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ನಮ್ಮ ತಪ್ಪನ್ನೇ ಮೊದಲು ಹೇಳ್ಕೊಂಡು ಮಾತು ಶುರು ಮಾಡ್ತೀವಿ. ನಾವು ಹಾಸ್ಟೆಲಿನಲ್ಲಿದ್ದಾಗ ನಮ್ಮ ರೂಮಿನ ಒಬ್ಬ ಹುಡುಗನಿಗೆ ನಿದ್ದೆ ಬಿಟ್ಟುಹೋಯಿತು. ರಾತ್ರಿಯೆಲ್ಲ ಒಬ್ಬನೇ ಮಾತಾಡೋನು. ಯಾರೋ ಕೊಲ್ಲೋಕೆ ಬರ್ತಾ ಇದಾರೆ ಅನ್ನೋನು. ಮನೆಯವರು ಬಂದು ಆಸ್ಪತ್ರೆಗೆ ಸೇರಿಸಿದರು. ಎರಡು ತಿಂಗಳಿಗೆ ಗುಣವಾಗಿ, ಮಾತ್ರೆ ಚೀಟಿ ಹಿಡ್ಕೊಂಡು ವಾಪಸ್ ಬಂದ. ಅಷ್ಟರಲ್ಲಿ ನಾವು ಅವನ ಹಾಸಿಗೆ ಸುತ್ತಿ ವರಾಂಡದಲ್ಲಿ ಇಟ್ಟಿದ್ದೆವು. 'ಇವನ ಜೊತೆ ಮಲಗೋಕೆ ಭಯ ಆಗುತ್ತೆ ಸಾರ್' ಅಂತ ವಾರ್ಡನ್‌ಗೆ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿದ್ದೆವು. ಅವನು ಹಾಸಿಗೆ ಹೊತ್ತುಕೊಂಡು ಊರಿಗೆ ಹೋದ. ಊರಲ್ಲಿ ಒಂದೇ ಅಂಕಣದ ಮನೆ, ಐದು ಜನ. ಮಾತ್ರೆ ತಪ್ಪಿತು. ಮತ್ತೆ ಆಸ್ಪತ್ರೆ. ಓದು ಅಲ್ಲಿಗೇ ನಿಂತಿತು.

ಆ ಅರ್ಜಿಗೆ ಸಹಿ ಹಾಕಿದ ಕೈ ಯಾವುದು? ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿದ ಕೈ. 1917ರಲ್ಲಿ ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳ್ಕೊಂಡು ಒಂದು ಛತ್ರದಲ್ಲಿ ಇದ್ದರು. ಜನ ದೊಣ್ಣೆ ಹಿಡಿದು ಬಂದು ಹೊರಕ್ಕೆ ಹಾಕಿದರು. ಜಾತಿಯೂ ಕಾಯಿಲೆಯೂ ಒಂದೇ ಅಂತ ನಾವು ಹೇಳ್ತಾ ಇಲ್ಲ. ಕಾಯಿಲೆ ವಾಸಿಯಾಗುತ್ತೆ, ಜಾತಿ ಬಿಡೋದಿಲ್ಲ. ಆದರೆ ಮುಖದ ಮೇಲೆ ಬಾಗಿಲು ಹಾಕಿದರೆ ಹೇಗಿರುತ್ತೆ ಅಂತ ಬಲ್ಲ ನಾವೇ ಬಾಗಿಲು ಹಾಕಿದೆವಲ್ಲ, ಅದು ನಮ್ಮನ್ನ ಈಗಲೂ ಚುಚ್ಚುತ್ತೆ.

ಗೆಳೆಯರೇ, ಆಸ್ಪತ್ರೆ ಮಾತ್ರೆ ಕೊಡುತ್ತೆ. ಆ ಮಾತ್ರೆ ನುಂಗೋಕೆ ಹೊತ್ತಿಗೆ ಸರಿಯಾಗಿ ಊಟ ಬೇಕು, ನಿದ್ದೆ ಮಾಡೋಕೆ ಜಾಗ ಬೇಕು, 'ಇವತ್ತು ತಗೊಂಡ್ಯಾ' ಅಂತ ಕೇಳೋಕೆ ಒಬ್ಬರು ಬೇಕು. ಕೂಲಿ ಮಾಡುವ ಮನೆಯಲ್ಲಿ ಒಬ್ಬರು ಕಾಯಿಲೆಯವರನ್ನು ನೋಡಿಕೊಂಡು ಕೂತರೆ ಆ ದಿನದ ಕೂಲಿ ಹೋಯಿತು. ಹೆಂಗಸರ ಪಾಡು ಇನ್ನೂ ಕಷ್ಟ. ಗಂಡ ತವರಿಗೆ ಕಳಿಸ್ತಾನೆ. ತವರಿನವರು 'ಕೊಟ್ಟ ಹೆಣ್ಣು ಹೊರಗೆ' ಅಂತಾರೆ. ಹೀಗೆ ಗುಣವಾದ ಮೇಲೂ ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದವರು ದೇಶದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇದ್ದಾರೆ. ಅವರಿಗೆ ಇಲ್ಲದ್ದು ಮನೆ.

ಮನೆಯೂ ಇಲ್ಲ, ಒಳ್ಳೆ ಆಸ್ಪತ್ರೆಯೂ ಇಲ್ಲ ಅಂದರೆ ಏನಾಗುತ್ತೆ? ತಮಿಳುನಾಡಿನ ಏರ್ವಾಡಿಯನ್ನು ನೆನಪು ಮಾಡಿಕೊಳ್ಳಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡೋಕಾಗದೆ 28 ಜನ ಸತ್ತರು.

ಈಗ ಕಾನೂನು ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದು ಯಾರನ್ನೂ ಸರಪಳಿಯಲ್ಲಿ ಕಟ್ಟಬಾರದು ಅನ್ನುತ್ತೆ. ಅದರ 19ನೇ ಕಲಮನ್ನು ನೀವೆಲ್ಲ ಬಾಯಿಪಾಠ ಮಾಡಬೇಕು. ಮನೆಯವರು ಸೇರಿಸಲಿಲ್ಲ, ಇರೋಕೆ ಸೂರಿಲ್ಲ ಅನ್ನೋ ಕಾರಣಕ್ಕೇ ಒಬ್ಬರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮನೆಯವರು ಕೈಬಿಟ್ಟರೆ, ಆ ಮನೆಯಲ್ಲಿ ಇರುವ ಹಕ್ಕನ್ನು ಕೊಡಿಸೋಕೆ ಸರ್ಕಾರ ನೆರವಾಗಬೇಕು. ಆಸ್ಪತ್ರೆಗೂ ಊರಿಗೂ ನಡುವಿನ ಹಾಫ್‌ವೇ ಹೋಮ್, ಕೆಲವರು ಕೂಡಿ ಬಾಳುವ ಗುಂಪು ಮನೆ, ಇವನ್ನು ಸರ್ಕಾರವೇ ಕಟ್ಟಬೇಕು ಇಲ್ಲ ಕಟ್ಟುವವರಿಗೆ ನೆರವು ಕೊಡಬೇಕು. 27ನೇ ಕಲಮಿನ ಪ್ರಕಾರ ಇದಕ್ಕೆಲ್ಲ ವಕೀಲರ ನೆರವು ಪುಕ್ಕಟೆ. ಕಾಗದದ ಮೇಲೆ ಎಲ್ಲ ಇದೆ. ಭೂಸುಧಾರಣೆಯೂ ಕಾಗದದ ಮೇಲೆ ಇತ್ತು ಅನ್ನೋದನ್ನ ನಿಮಗೆ ಹೇಳಬೇಕಾಗಿಲ್ಲ.

'ಇದೆಲ್ಲ ಆಗೋ ಮಾತಾ?' ಅಂತ ಕೇಳ್ತೀರಿ. ಆಗುತ್ತೆ. ಚೆನ್ನೈನಲ್ಲಿ ಬೀದಿಗೆ ಬಿದ್ದ ಹೆಂಗಸರಿಗಾಗಿ 1993ರಲ್ಲಿ 'ದಿ ಬ್ಯಾನಿಯನ್' ಅನ್ನೋ ಸಂಸ್ಥೆ ಶುರುವಾಯಿತು. ಕಟ್ಟಿದವರು ಇಬ್ಬರು ಯುವತಿಯರು. ಅವರೇ 2015ರಲ್ಲಿ 'ಹೋಮ್ ಅಗೇನ್' ಅಂತ ಒಂದು ಕೆಲಸ ಹಿಡಿದರು. ಬಹಳ ಕಾಲ ಆಸ್ಪತ್ರೆಯಲ್ಲಿದ್ದವರು, ತಮಗೆ ಯಾರ ಜೊತೆ ಒಗ್ಗುತ್ತೋ ಅವರ ಜೊತೆ ನಾಲ್ಕೈದು ಜನ ಸೇರಿ ಊರ ನಡುವೆಯೇ ಬಾಡಿಗೆ ಮನೆಯಲ್ಲಿ ಇರ್ತಾರೆ. ಅಡಿಗೆ ಅವರೇ ಮಾಡ್ಕೋತಾರೆ. ಸಂತೆಗೆ ಹೋಗ್ತಾರೆ. ಆದವರು ಕೆಲಸಕ್ಕೂ ಹೋಗ್ತಾರೆ. ಮಾತ್ರೆ, ಪಡಿತರ, ಜಗಳ, ಬೇಸರ ಇವನ್ನೆಲ್ಲ ವಿಚಾರಿಸಿಕೊಳ್ಳೋಕೆ ತರಬೇತಿ ಆದ ಕಾರ್ಯಕರ್ತೆಯರು ಇರ್ತಾರೆ. ಅವರೇನು ಡಾಕ್ಟರಲ್ಲ. ತಮಿಳುನಾಡಿನಲ್ಲಿ ಹುಟ್ಟಿದ ಈ ಕೆಲಸ ಕೇರಳ, ಅಸ್ಸಾಮಿಗೂ ಹೋಗಿದೆ.

ಬೆಂಗಳೂರಿನಲ್ಲೂ ಹಾಫ್‌ವೇ ಹೋಮ್‌ಗಳಿವೆ. ಆದರೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿಸಿಕೊಂಡರೆ ಕೂಲಿಯವನ ಮಗಳು ಅಲ್ಲಿಗೆ ಹೋಗೋದು ಹೇಗೆ? ಅದಕ್ಕೇ ನಾವು ಕೇಳಬೇಕು: ಜಿಲ್ಲೆ ಜಿಲ್ಲೆಯಲ್ಲೂ ಸರ್ಕಾರದ ಖರ್ಚಿನಲ್ಲಿ ಇಂಥ ಮನೆಗಳು ಆಗಲಿ. ಜಾತಿ ಕೇಳದೆ ಎಲ್ಲರ ಬೀದಿಯಲ್ಲೂ ಆಗಲಿ. ಊರಾಚೆ, ಸ್ಮಶಾನದ ಪಕ್ಕ ಜಾಗ ತೋರಿಸಿದರೆ ಒಪ್ಪಬಾರದು. ಊರಾಚೆ ಅಂದರೆ ಏನು ಅಂತ ನಮಗೆ ಗೊತ್ತು.

ಸರ್ಕಾರ ಮಾಡೋವರೆಗೆ ನಾವು ಸುಮ್ಮನೆ ಕೂರಬೇಕಾ? ನಿಮ್ಮ ಕೇರಿಯಲ್ಲಿ ಆಸ್ಪತ್ರೆಯಿಂದ ಬಂದವರು ಯಾರಿದ್ದಾರೆ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಟಿಫಿಕೇಟು, ಪಿಂಚಣಿ ಅರ್ಜಿ ಬರೆದುಕೊಡೋಕೆ ನಿಮಗೆ ಅಕ್ಷರ ಬರುತ್ತೆ. ಪಡಿತರ ಚೀಟಿಯಿಂದ ಅವರ ಹೆಸರು ತೆಗೆದಿದ್ದರೆ ಮತ್ತೆ ಸೇರಿಸಿ. ತಿಂಗಳಿಗೊಂದು ಸಲ ಮಾತ್ರೆ ತರೋಕೆ ಜೊತೆಗೆ ಬಸ್ ಹತ್ತಿ. 'ಹುಚ್ಚ' ಅನ್ನೋ ಬೈಗುಳವನ್ನು ನಮ್ಮ ಹಾಸ್ಟೆಲಿನ ಬಾಯಿಂದ ತೆಗೀರಿ. ನಮ್ಮನ್ನ ಕರೆದ ಹೆಸರುಗಳು ನಮಗೆ ಮರೆತಿಲ್ಲವಲ್ಲ.

ನಮ್ಮ ಆ ಗೆಳೆಯ ಈಗಲೂ ಊರಲ್ಲೇ ಇದ್ದಾನೆ. ಹೋಗಿ ಕ್ಷಮೆ ಕೇಳಿದೆವು. 'ಹಾಸಿಗೆ ಮಳೇಲಿ ನೆಂದಿತ್ತು ಕಣ್ರಪ್ಪ' ಅಂತ ಅಷ್ಟೇ ಅಂದ.

ಗೆಳೆಯರೇ, ಮುಂದಿನ ಸಲ ಒಬ್ಬ ಹುಡುಗ ಆಸ್ಪತ್ರೆಯಿಂದ ಚೀಟಿ ಹಿಡ್ಕೊಂಡು ನಿಮ್ಮ ಹಾಸ್ಟೆಲಿನ ಬಾಗಿಲಿಗೆ ಬರ್ತಾನೆ. ಅವನ ಹಾಸಿಗೆ ಒಳಗೆ ಹಾಸಿರಲಿ.

ಜೈಭೀಮ್.