ಹೃದಯದ ಪಡಸಾಲೆ

ಹೃದಯವೆಂದೊಡನೆ ನಮಗೆ ನೆನಪಾಗುವುದು ಅದರ ಬಡಿತ. ಆ ಬಡಿತದ ಕೀರ್ತಿಯೆಲ್ಲ ಮೈಗೆಲ್ಲ ರಕ್ತವನ್ನು ನೂಕುವ ಎಡ ಹೃತ್ಕುಕ್ಷಿಗೇ ಸಲ್ಲುತ್ತ ಬಂದಿದೆ. ಅದರ ಮೇಲ್ಗಡೆ ತೆಳುಗೋಡೆಯ ಇನ್ನೊಂದು ಕೋಣೆಯಿದೆ. ಅದು ಎಡ ಹೃತ್ಕರ್ಣ. ಅದರ ಪಕ್ಕದಲ್ಲಿ ಕಿವಿಯಂತೆ ಜೋತ ಪುಟ್ಟ ಚೀಲವೊಂದಿರುವುದರಿಂದ ‘ಕರ್ಣ’ವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ಪಾಶ್ಚಾತ್ಯ ವೈದ್ಯರು ಅದನ್ನು ‘ಏಟ್ರಿಯಮ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ರೋಮನ್ನರ ಮನೆಯ ಪಡಸಾಲೆಯ ಹೆಸರು. ಈ ಪಡಸಾಲೆಗೆ ಒದಗುವ ಒಂದು ವಿಪತ್ತನ್ನೂ ಅದನ್ನು ಹೊರಗಿನಿಂದಲೇ ಕಂಡುಕೊಳ್ಳುವ ಬಗೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಎಡ ಹೃತ್ಕರ್ಣದ ಕೆಲಸ ಮೂರು. ಕುಕ್ಷಿಯು ಸಂಕುಚಿಸುತ್ತಿರುವಾಗ ಶ್ವಾಸಕೋಶಗಳಿಂದ ಬರುವ ರಕ್ತವನ್ನು ಹಿಗ್ಗಿ ತುಂಬಿಕೊಳ್ಳುವುದು. ಕವಾಟ ತೆರೆದಾಗ ಆ ರಕ್ತಕ್ಕೆ ದಾರಿಯಾಗುವುದು. ಕೊನೆಗೆ ತಾನೂ ಕುಗ್ಗಿ, ಉಳಿದುದನ್ನು ಕೆಳಕ್ಕೆ ನೂಕುವುದು. ಕೆರೆ, ಕಾಲುವೆ, ಏತ ಮೂರೂ ಅದೇ. ಆರೋಗ್ಯವಂತರಲ್ಲಿ ಕುಕ್ಷಿ ತುಂಬಿಕೊಳ್ಳುವ ರಕ್ತದಲ್ಲಿ ನೂರಕ್ಕೆ ಸುಮಾರು 20ರಿಂದ 30 ಪಾಲು ಈ ಕೊನೆಯ ನೂಕಿನದು.

ಇನ್ನು ವಿಪತ್ತಿನ ಮಾತು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ, ಅಯೋಡಿನ್ ತಾಕಿದಾಗ ಪಿಷ್ಟದಂತೆ ಬಣ್ಣ ತಳೆಯುವ ವಸ್ತುವೊಂದನ್ನು ದೇಹದ ಅಂಗಾಂಶದಲ್ಲಿ ಕಂಡು, ಪಿಷ್ಟದಂಥದು ಎಂಬ ಅರ್ಥದಲ್ಲಿ ಅದನ್ನು ‘ಅಮಿಲಾಯ್ಡ್’ ಎಂದು ಕರೆದ. ಅದು ಪಿಷ್ಟವಲ್ಲ, ಪ್ರೋಟೀನು ಎಂದು ಮುಂದೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ನಿಂತಿತು. ಮಡಿಕೆ ತಪ್ಪಿದ ಪ್ರೋಟೀನು ನಾರುನಾರಾಗಿ ಸ್ನಾಯುಕೋಶಗಳ ನಡುವೆ ಕೂಡುತ್ತ ಹೋಗುತ್ತದೆ. ಹೃದಯದ ಮಟ್ಟಿಗೆ ಮುಖ್ಯವಾದವು ಎರಡು ಬಗೆ: ಒಂದರ ಮೂಲ ಮೂಳೆಯ ಮಜ್ಜೆ, ಇನ್ನೊಂದು ಯಕೃತ್ತಿನಲ್ಲಿ ಹುಟ್ಟುವ ಟ್ರಾನ್ಸ್‌ಥೈರೆಟಿನ್ನಿನಿಂದ ಆದದ್ದು. ಈ ಎರಡನೆಯದು ವಂಶದೋಷವಿಲ್ಲದೆಯೂ ಮುಪ್ಪಿನಲ್ಲಿ ಕಾಣಿಸಿಕೊಳ್ಳಬಲ್ಲದು. ಏದುಸಿರು, ಆಯಾಸ, ಕಾಲಿನ ಬಾವು ಇವನ್ನೆಲ್ಲ ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದು ಎಷ್ಟು ಸುಲಭ!

ಕುಕ್ಷಿಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಅದರ ಒತ್ತಡ ಹಿಂದಕ್ಕೆ, ಕರ್ಣದ ಮೇಲೆ ಬೀಳುತ್ತದೆ. ಕರ್ಣದ ತೆಳುಗೋಡೆಗೂ ಅಮಿಲಾಯ್ಡ್ ಇಳಿಯುವುದರಿಂದ ಪೆಟ್ಟು ಇಮ್ಮಡಿ. ಇಲ್ಲಿಯೇ ಒಂದು ವಂಚನೆಯಿದೆ. ಕೆಲವು ರೋಗಿಗಳಲ್ಲಿ ವಿದ್ಯುತ್ ಲೇಖನವಾದ ಈ.ಸಿ.ಜಿ. ಕ್ರಮವಾದ ಲಯವನ್ನೇ ತೋರಿಸುತ್ತದೆ. ಆಜ್ಞೆ ಹೊರಡುತ್ತದೆ, ಆದರೆ ಕರ್ಣ ಅಲುಗುವುದಿಲ್ಲ. ನಿಂತ ನೀರು ಪಾಚಿಗಟ್ಟುವಂತೆ ಅಲ್ಲಿ ತಂಗಿದ ರಕ್ತ, ಮುಖ್ಯವಾಗಿ ಆ ಕಿವಿಯಂಥ ಚೀಲದಲ್ಲಿ, ಹೆಪ್ಪುಗಟ್ಟಬಹುದು. ಹೆಪ್ಪಿನ ಚೂರೊಂದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ಶವಪರೀಕ್ಷೆಯಲ್ಲಿ ದೊರೆತ 116 ಅಮಿಲಾಯ್ಡ್ ಹೃದಯಗಳ ಪೈಕಿ ನೂರಕ್ಕೆ 33ರಲ್ಲಿ ಹೆಪ್ಪು ಇದ್ದಿತು.

ಹಾಗಾದರೆ ಈ ಮೌನವನ್ನು ಅರಿಯುವುದೆಂತು? 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬಿಬ್ಬರು ಕಿವಿಗೆ ಕೇಳದ ಧ್ವನಿಯ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಇಂದು ‘ಎಕೋ’ ಎಂದು ಎಲ್ಲರ ಬಾಯಲ್ಲೂ ಇರುವ ಪರೀಕ್ಷೆಯ ಮೂಲ ಅದು. ಬಹುಕಾಲ ಅದರಲ್ಲಿ ಕರ್ಣದ ಗಾತ್ರವನ್ನಷ್ಟೇ ಅಳೆಯುತ್ತಿದ್ದರು. ಈಗ ಚಿತ್ರದಲ್ಲಿ ಕಾಣುವ ಸಣ್ಣ ಚುಕ್ಕೆಗಳನ್ನು ಗಣಕಯಂತ್ರವು ಚಿತ್ರದಿಂದ ಚಿತ್ರಕ್ಕೆ ಹಿಂಬಾಲಿಸಿ, ಗೋಡೆ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂದು ಹೇಳುತ್ತದೆ. ಆರೋಗ್ಯವಂತರಲ್ಲಿ ರಕ್ತ ತುಂಬುವಾಗ ಗೋಡೆ ಸರಾಸರಿ ನೂರಕ್ಕೆ ಸುಮಾರು 39ರಷ್ಟು ಹಿಗ್ಗುತ್ತದೆ. ಅಮಿಲಾಯ್ಡ್ ರೋಗದಲ್ಲಿ ಇದು ಬಹಳ ಇಳಿಯುತ್ತದೆ. ನೂಕುವ ಬಲವಂತೂ ಕೆಲವರಲ್ಲಿ ಇಲ್ಲವೆನ್ನುವಷ್ಟು ಕ್ಷೀಣಿಸುತ್ತದೆ.

ಆದರೆ ಈ ಒಂದು ಅಂಕಿಯಿಂದಲೇ ರೋಗವನ್ನು ಹೆಸರಿಸಲಾಗದು. ರಕ್ತದೊತ್ತಡದವರಲ್ಲಿಯೂ, ಲಯ ಕೆಟ್ಟವರಲ್ಲಿಯೂ ಅದು ಇಳಿಯುವುದುಂಟು. ಕಾಂತೀಯ ಅನುರಣನದ ಚಿತ್ರಣ, ವಿಕಿರಣಶೀಲ ಟೆಕ್ನೀಷಿಯಮ್ ಬಳಸುವ ಸ್ಕ್ಯಾನು, ರಕ್ತ ಮೂತ್ರಗಳ ಪರೀಕ್ಷೆ, ಬೇಕಾದರೆ ಅಂಗಾಂಶದ ತುಣುಕು ಇವೆಲ್ಲವೂ ಸಾಕ್ಷಿ ನುಡಿಯಬೇಕು.

ಇಷ್ಟು ಶ್ರಮ ಏಕೆಂದರೆ, ಇಂದು ರೋಗಿಗೆ ಹೇಳಲು ಸಮಾಧಾನದ ಮಾತಿಗಿಂತ ಹೆಚ್ಚಿನದಿದೆ. ಟ್ರಾನ್ಸ್‌ಥೈರೆಟಿನ್ ಬಗೆಯಲ್ಲಿ ಟಫಾಮಿಡಿಸ್ ಎಂಬ ಔಷಧ ಮರಣಪ್ರಮಾಣವನ್ನು ತಗ್ಗಿಸುವುದೆಂದು 2018ರಲ್ಲಿ ಸಿದ್ಧವಾಯಿತು. ಹೆಪ್ಪು ತಡೆಯುವ ಔಷಧ ಯಾರಿಗೆ ಬೇಕು ಎಂಬ ವಿವೇಚನೆಗೂ ಕರ್ಣದ ಸ್ಥಿತಿ ತಿಳಿದಿರಬೇಕು. ಲಯ ಸರಿಯಿದೆ, ಗಾತ್ರ ಅಷ್ಟೇನೂ ಹೆಚ್ಚಿಲ್ಲ ಎಂಬಲ್ಲಿಗೆ ವಿಚಾರಣೆ ಮುಗಿಯದು. ಪಡಸಾಲೆಯಲ್ಲಿ ದೀಪ ಉರಿಯುತ್ತಿದ್ದರಷ್ಟೇ ಸಾಲದು. ಒಳಗೆ ದುಡಿಯುವವರು ಇದ್ದಾರೆಯೇ ಎಂದು ಇಣುಕಿ ನೋಡಬೇಕು.