ನಾಳಿನ ಕಥೆಗೆ ಆಳಂದದ ಕನ್ನಡ ಸಾಲದೇ?



ನೀವು ನಗರದಲ್ಲಿ ಬೆಳೆದ ಕನ್ನಡದ ಮಕ್ಕಳು. ಅಂತರಿಕ್ಷದ ಸಿನಿಮಾ ನೋಡಿದ್ದೀರಿ, ಮಾಂತ್ರಿಕರ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದಿದ್ದೀರಿ. ಅಂಥದೊಂದನ್ನು ಕನ್ನಡದಲ್ಲಿ ಬರೆಯಿರಿ ಎಂದರೆ ಮಾತ್ರ "ಅದಕ್ಕೆಲ್ಲ ನಮ್ಮಲ್ಲಿ ಪದ ಎಲ್ಲಿವೆ ಸಾರ್?" ಎನ್ನುತ್ತೀರಿ!

ಆಳಂದದ ಗಡಿ ದಾಟಿದರೆ ಮರಾಠಿ ಸೀಮೆ. ಆ ಮರಾಠಿಯಲ್ಲಿ ಏನಾಯಿತು ಕೇಳಿ. 2025ರಲ್ಲಿ ತೀರಿಕೊಂಡ ಖಗೋಳ ವಿಜ್ಞಾನಿ ಜಯಂತ ನಾರಳೀಕರ, 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಕಪ್ಪುಕುಳಿಯ ಕಥೆಯೊಂದನ್ನು ಕಳಿಸಿದರು. ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದೆಂದು ಬೇರೆ ಹೆಸರು ಹಾಕಿದರು, ಅಕ್ಷರವೂ ಹೆಂಡತಿಯದು. ಬಹುಮಾನ ಬಂತು! ಜಗತ್ತೇ ಬಲ್ಲ ವಿಜ್ಞಾನಿಗೆ ತಾಯ್ನುಡಿ ಸಾಲದಾಗಲಿಲ್ಲ. ನಮಗೇಕೆ ಸಾಲದು? ತೇಜಸ್ವಿಯವರ 'ಕರ್ವಾಲೊ' (1980) ಒಂದು ಹಾರುವ ಓತಿಯ ಬೆನ್ನು ಹತ್ತಿ ಕಾಲದ ಆಳಕ್ಕೇ ಇಳಿಯಿತು. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ (1984) ದೀಪಗಳೇ ಕೂತು ಮಾತಾಡುತ್ತವೆ, ಅದೂ ನಂಜನಗೂಡು ಸೀಮೆಯ ಆಡುನುಡಿಯಲ್ಲಿ.

ಈಗ ನಿಮ್ಮ ಕಾದಂಬರಿಗೆ ಬನ್ನಿ. ಮಂಗಳ ಗ್ರಹಕ್ಕೆ ಓಡಬೇಡಿ, ಅಫಜಲಪುರಕ್ಕೆ ಹೋಗಿ. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಅಲ್ಲಿಯ ರೈತರು ಮೇಲಿನ ಉಜನಿ ಅಣೆಕಟ್ಟಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಇದನ್ನೇ 2190ನೇ ಇಸವಿಗೆ ಒಯ್ಯಿರಿ. ಭೀಮೆಗೆ ಎಷ್ಟು ನೀರು ಬಿಡಬೇಕೆಂದು ಒಂದು ಯಂತ್ರ ತೀರ್ಮಾನಿಸುತ್ತದೆ. ಅರ್ಜಿಯನ್ನು ಬಾಯಲ್ಲೇ ಹೇಳಬೇಕು. ಆದರೆ ಯಂತ್ರ ಕಲಿತದ್ದು ಪುಸ್ತಕದ ಕನ್ನಡ. ಮುದುಕಿಯೊಬ್ಬಳು ಬಂದು "ಯಪ್ಪಾ, ಕಬ್ಬ ಒಣಗಲಾಕತ್ತದ, ನೀರ ಯಾವಾಗ ಬಿಡ್ತೀರಿ?" ಎನ್ನುತ್ತಾಳೆ. ಯಂತ್ರ "ಭಾಷೆ ತಿಳಿಯಲಿಲ್ಲ" ಎಂದು ಅರ್ಜಿ ತಳ್ಳಿಹಾಕುತ್ತದೆ. ಇದು ಬರೀ ಕಲ್ಪನೆ ಎಂದುಕೊಂಡಿರಾ? ನಿಮ್ಮ ಮೊಬೈಲಿನ ಮುಂದೆ ಜೇವರ್ಗಿಯ ಅಜ್ಜಿಯೊಬ್ಬರನ್ನು ಕೂರಿಸಿ, ಅವರು ಆಡಿದ್ದನ್ನು ಅದು ಏನೆಂದು ಬರೆದುಕೊಳ್ಳುತ್ತದೋ ನೋಡಿ.

ಮೊದಲ ಕರಡನ್ನು ನಿಲ್ಲದೆ ಬರೆದು ಮುಗಿಸಿ. ಪದ ಸಿಗದಿದ್ದರೆ ಗೆರೆ ಎಳೆದು ಮುಂದಕ್ಕೆ ಹೋಗಿ. ಬೇರೊಂದು ಹಾಳೆಯಲ್ಲಿ ನಿಮ್ಮ ಲೋಕದ ಕಾನೂನು ಬರೆದಿಡಿ: ಯಂತ್ರಕ್ಕೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಅದರ ಮಾತು ಮೀರಿದವರಿಗೆ ಏನಾಗುತ್ತದೆ. ಮೂರನೇ ಅಧ್ಯಾಯದಲ್ಲಿ ಮುದುಕಿಯ ಮಾತು ತಿಳಿಯದ ಯಂತ್ರಕ್ಕೆ ಹತ್ತನೇ ಅಧ್ಯಾಯದಲ್ಲಿ ಪುಕ್ಕಟೆಯಾಗಿ ತಿಳಿದರೆ ಓದುಗ ಪುಸ್ತಕ ಮುಚ್ಚುತ್ತಾನೆ. ಕಲಿಸಿದವರು ಯಾರು? ಅದಕ್ಕೆ ಅವರು ತೆತ್ತದ್ದೇನು? ಅದೇ ನಿಮ್ಮ ಕಾದಂಬರಿ!

ಬರೆದದ್ದನ್ನು ಒಂದು ತಿಂಗಳು ಮುಚ್ಚಿಡಿ. ಆಮೇಲೆ ಗಟ್ಟಿಯಾಗಿ ಓದಿ. ವಿವರಣೆಯ ಭಾಷಣಗಳು ಕಿವಿಗೆ ತಾವೇ ಸಿಕ್ಕಿಬೀಳುತ್ತವೆ, ಅವನ್ನು ಹೊಡೆದುಹಾಕಿ. ಟೋಲ್ಕಿನ್ ಅಂಥವರೇ ಮುಂದಿನ ಕಥೆಗೆ ಹೊಂದಲೆಂದು, ಅಚ್ಚಾಗಿ ಹೋಗಿದ್ದ 'ಹಾಬಿಟ್'ನ ಒಂದು ಅಧ್ಯಾಯವನ್ನು 1951ರ ಆವೃತ್ತಿಯಲ್ಲಿ ತಿದ್ದಿ ಬರೆದರು. ನಿಮ್ಮ ಕರಡೇನು ಕಲ್ಲಿನ ಶಾಸನವೇ?

ಇನ್ನು ಅಪಾಯದ ಮಾತು. ಯಾರೋ ಒಬ್ಬ ತಿದ್ದುಗಾರ ಬರುತ್ತಾನೆ. "ಒಣಗಲಾಕತ್ತದ" ತಪ್ಪು, "ಒಣಗುತ್ತಿದೆ" ಸರಿ ಎಂದು ಕೆಂಪು ಗೆರೆ ಎಳೆಯುತ್ತಾನೆ. ಆ ಒಂದು ಗೆರೆಗೆ ಯಂತ್ರಕ್ಕೆ ಎಲ್ಲವೂ ತಿಳಿದುಬಿಡುತ್ತದೆ, ಕಥೆ ಸತ್ತುಹೋಗುತ್ತದೆ! ಇನ್ನೊಬ್ಬ ಬಂದು "ಖರೇ", "ಜಲ್ದಿ", "ಕಚೇರಿ" ಎಲ್ಲ ಪರಭಾಷೆ, ತೆಗೆಯಿರಿ ಎನ್ನುತ್ತಾನೆ. ಕನ್ನಡದ ಅಭಿಮಾನಿಗಳೇ, ಇಲ್ಲಿ ಎಚ್ಚರ! ಈ ಸೀಮೆ 1948ರವರೆಗೆ ನಿಜಾಮನ ಆಡಳಿತದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಆ ದಿನಗಳನ್ನು ಬದುಕಿ ದಾಟಿದ ಕನ್ನಡ ಇದು. ಆ ಪದಗಳನ್ನು ಕಿತ್ತರೆ ಆ ಜನರನ್ನೇ ಪುಟದಿಂದ ಹೊರಗೆ ಹಾಕಿದಂತೆ. ಸವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣರು ಇದೇ ಜಿಲ್ಲೆಯ ನುಡಿಯಲ್ಲಿ ಬರೆದ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ಯಾರ ಅಪ್ಪಣೆ ಬೇಕು?

ಹಾಗೆಂದು ಆಡುನುಡಿಯಲ್ಲಿ ತಿದ್ದುವುದೇ ಬೇಡವೆಂದಲ್ಲ. ಒಂದು ಪುಟದಲ್ಲಿ "ಒಣಗಲಾಕತ್ತದ" ಎಂದವಳು ಮುಂದಿನ ಪುಟದಲ್ಲಿ ಧಾರವಾಡದವಳಂತೆ ಆಡಿದರೆ ಅದು ನಿಜವಾದ ತಪ್ಪು. ಆಳಂದದವರಿಂದ ಒಮ್ಮೆ, ಜೇವರ್ಗಿಯವರಿಂದ ಒಮ್ಮೆ ಓದಿಸಿ. "ಹಿಂಗ ನಾವು ಅನ್ನಂಗಿಲ್ರಿ" ಎಂದರೆ ತಲೆಬಾಗಿ ತಿದ್ದಿ. ಹಳ್ಳಿಯ ಮಾತನ್ನು ನಗಿಸಲಿಕ್ಕೆಂದೇ ತಂದು ನಿಲ್ಲಿಸುವ ಸಿನಿಮಾ ಚಾಳಿ ಮಾತ್ರ ಬೇಡ. ಯಂತ್ರವನ್ನು ಸೋಲಿಸುವ ಬುದ್ಧಿಯೂ ಆ ಮುದುಕಿಯದೇ ಆಗಲಿ.

ಮಳಖೇಡ ಇರುವುದು ಇದೇ ಕಲಬುರಗಿ ಜಿಲ್ಲೆಯಲ್ಲಿ. ಒಂಬತ್ತನೇ ಶತಮಾನದಲ್ಲಿ ಅಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಬರವಣಿಗೆಯ ದೋಷ ಯಾವುದು, ಗುಣ ಯಾವುದು ಎಂದು ವಿಚಾರ ಮಾಡಿತು. ಕನ್ನಡ ಒಂದಲ್ಲ, ಹಲವು ಎಂದೂ ಒಪ್ಪಿಕೊಂಡಿತು. ತಿದ್ದುವ ವಿದ್ಯೆ ನಮಗೆ ಹೊಸದಲ್ಲ.

ಭವಿಷ್ಯದ ಕಥೆಯನ್ನು ಇಂಗ್ಲಿಷಿಗೇ ಗುತ್ತಿಗೆ ಕೊಟ್ಟರೆ, ಆ ಭವಿಷ್ಯದಲ್ಲಿ ಅಫಜಲಪುರದ ಮುದುಕಿಗೆ ಜಾಗವೇ ಇರುವುದಿಲ್ಲ. ಇಂದೇ ಒಂದು ನೋಟುಪುಸ್ತಕ ಕೊಳ್ಳಿ. ಅವಳ ಅರ್ಜಿಯನ್ನು ಮೊದಲ ಪುಟದಲ್ಲಿ ಬರೆಯಿರಿ, ಅವಳದೇ ಮಾತಿನಲ್ಲಿ!